ಓದುಗರ ಪ್ರಶ್ನೆ: ನಾಲ್ಕು ಹೊಗೆಕೊಳವೆಗಳ ಹಡಗುಗಳ ಕಾಲ

ಕಳೆದ ಸಂಚಿಕೆಯಲ್ಲಿ ಟೈಟಾನಿಕ್ ಮುಳುಗಿದ ಬಗೆಯನ್ನು ಕುರಿತು ಪ್ರಕಟವಾದ ಬರಹವನ್ನು ಓದಿದ ಹಲವರು, ದುರಂತದ ಆ ಒಂದು ರಾತ್ರಿಯನ್ನು ಬದಿಗಿಟ್ಟು, ಅಂಥ ಹಡಗುಗಳನ್ನು ಕಟ್ಟಿದ್ದೇಕೆ, ಅವು ನಡೆಯುತ್ತಿದ್ದುದು ಹೇಗೆ, ಕೊನೆಗೆ ಏನಾದವು ಎಂದು ಕೇಳಿ ಬರೆದಿದ್ದಾರೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಇಂದಿನ ವಿಹಾರ ನೌಕೆಗಳಿಗೂ ಅಂದಿನ ‘ಲೈನರ್’ಗಳಿಗೂ ಏನು ವ್ಯತ್ಯಾಸ?

ಉತ್ತರ: ವಿಹಾರ ನೌಕೆಯಲ್ಲಿ ಹೋಗುವವರಿಗೆ ಹಡಗಿನಲ್ಲಿ ಕಾಲ ಕಳೆಯುವುದೇ ಉದ್ದೇಶ, ಲೈನರ್ ಹತ್ತಿದವರಿಗೆ ಆಚೆಯ ದಡ ಸೇರುವುದು ಉದ್ದೇಶ. ನಿಗದಿತ ಎರಡು ಬಂದರುಗಳ ನಡುವೆ, ನಿಗದಿತ ದಿನದಂದು, ಮಳೆ ಗಾಳಿಯನ್ನು ಲೆಕ್ಕಿಸದೆ ಓಡಾಡುವ ಮಾರ್ಗಕ್ಕೆ ‘ಲೈನ್’ ಎಂದು ಹೆಸರು. ಅಂಥ ಮಾರ್ಗದ ಹಡಗು ಲೈನರ್. ವಿಮಾನಗಳಿಲ್ಲದ ಆ ಕಾಲದಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಹೋಗಬೇಕಾದ ವ್ಯಾಪಾರಿಗೂ ಕೂಲಿಗೂ ಅಂಚೆಚೀಲಕ್ಕೂ ಬೇರೆ ದಾರಿಯೇ ಇರಲಿಲ್ಲ. ಬ್ರಿಟಿಷ್ ಹಡಗುಗಳ ಹೆಸರಿಗೆ ಮೊದಲು ಕಾಣುವ ‘ಆರ್‌ಎಂಎಸ್’ ಎಂಬ ಮೂರಕ್ಷರ, ಆ ಹಡಗು ಸರ್ಕಾರದ ಅಂಚೆಯನ್ನು ಒಯ್ಯುವ ಗುತ್ತಿಗೆ ಪಡೆದಿದೆ ಎಂಬುದರ ಗುರುತು.

ವಾರಕ್ಕೊಮ್ಮೆ ತಪ್ಪದೆ ಹಡಗು ಹೊರಡಿಸಬೇಕು ಎಂಬ ಈ ನಿಯಮವನ್ನು ಗಮನಿಸಿದರೆ, ಕಂಪನಿಗಳು ಒಂದೇ ಅಚ್ಚಿನ ಎರಡು ಮೂರು ಹಡಗುಗಳನ್ನು ಏಕೆ ಕಟ್ಟಿಸುತ್ತಿದ್ದವು ಎಂಬುದೂ ತಿಳಿಯುತ್ತದೆ. ಸುಮಾರು 21 ನಾಟ್ (ಗಂಟೆಗೆ ಸುಮಾರು 39 ಕಿಲೋಮೀಟರ್) ವೇಗದ ಹಡಗೊಂದು ಹೋಗಿ, ಸಾಮಾನು ಇಳಿಸಿ, ಕಲ್ಲಿದ್ದಲು ತುಂಬಿಕೊಂಡು ಮರಳಿ, ಮತ್ತೆ ಹೊರಡಲು ಸಿದ್ಧವಾಗುವ ಹೊತ್ತಿಗೆ ಮೂರು ವಾರ ಕಳೆದಿರುತ್ತದೆ; ಹಾಗಾಗಿ ವಾರದ ಸೇವೆಗೆ ಮೂರು ಹಡಗು ಬೇಕು. ವೈಟ್ ಸ್ಟಾರ್ ಕಂಪನಿಯ ಒಲಿಂಪಿಕ್, ಟೈಟಾನಿಕ್ ಮತ್ತು ಬ್ರಿಟಾನಿಕ್ ಹುಟ್ಟಿದ್ದು ಈ ಲೆಕ್ಕದಿಂದ. ಟೈಟಾನಿಕ್ ತನ್ನ ಕಾಲದಲ್ಲಿ ಒಂಟಿಯಾದ ಅದ್ಭುತವಾಗಿರಲಿಲ್ಲ, ಒಂದು ವೇಳಾಪಟ್ಟಿಯ ಮೂರರಲ್ಲೊಂದು ಪಾಲಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳು ಸುಲಭವಾಗುತ್ತವೆ.

ಪ್ರಶ್ನೆ: ದೊಡ್ಡ ಹಡಗು ಕಟ್ಟುವ ಪೈಪೋಟಿ ಯಾರಿಂದ ಶುರುವಾಯಿತು?

ಉತ್ತರ: ಜರ್ಮನಿಯಿಂದ ಎನ್ನಬೇಕು. 1897ರಲ್ಲಿ ನಾರ್ಡ್‌ಡಾಯ್ಚರ್ ಲಾಯ್ಡ್ ಕಂಪನಿ ‘ಕೈಸರ್ ವಿಲ್ಹೆಲ್ಮ್ ಡೆರ್ ಗ್ರೋಸೆ’ ಎಂಬ ಹಡಗನ್ನು ನೀರಿಗಿಳಿಸಿತು. ನಾಲ್ಕು ಹೊಗೆಕೊಳವೆಗಳ ಮೊದಲ ಲೈನರ್ ಅದು. ಮರುವರ್ಷ ಅಟ್ಲಾಂಟಿಕ್ ದಾಟುವ ವೇಗದ ದಾಖಲೆಯನ್ನು, ಅಂದರೆ ‘ಬ್ಲೂ ರಿಬಾಂಡ್’ ಎಂಬ ಗೌರವವನ್ನು, ಅದು ಬ್ರಿಟಿಷರ ಕೈಯಿಂದ ಕಿತ್ತುಕೊಂಡಿತು. ಈ ಗೌರವಕ್ಕೆ ಆಗ ಪದಕವಾಗಲಿ ಪಾರಿತೋಷಕವಾಗಲಿ ಇರಲಿಲ್ಲ. ಹೆಸರಷ್ಟೇ ಇತ್ತು, ಆದರೆ ಆ ಹೆಸರಿಗಾಗಿ ಕಂಪನಿಗಳು ಅಪಾರ ಹಣ ಸುರಿದವು. ಹ್ಯಾಂಬರ್ಗಿನ ಹಾಪಾಗ್ ಕಂಪನಿ 1900ರಲ್ಲಿ ‘ಡಾಯ್ಚ್‌ಲಾಂಡ್’ ಹಡಗಿನಿಂದ ಆ ದಾಖಲೆಯನ್ನು ತನ್ನದಾಗಿಸಿಕೊಂಡಿತಾದರೂ, ಪೂರ್ಣ ವೇಗದಲ್ಲಿ ಹಡಗು ಎಷ್ಟು ನಡುಗುತ್ತಿತ್ತೆಂದರೆ ಪ್ರಯಾಣಿಕರು ಬೇಸತ್ತರು. ಕಂಪನಿಯ ಮುಖ್ಯಸ್ಥ ಆಲ್ಬರ್ಟ್ ಬಾಲಿನ್ ಇದರಿಂದ ಪಾಠ ಕಲಿತು ವೇಗದ ಪೈಪೋಟಿಯಿಂದಲೇ ಹಿಂದೆ ಸರಿದು, ಇನ್ನು ಮುಂದೆ ಗಾತ್ರ ಮತ್ತು ಸೌಕರ್ಯಗಳಲ್ಲಿ ಸ್ಪರ್ಧಿಸಬೇಕೆಂದು ನಿಶ್ಚಯಿಸಿದ. ವೈಟ್ ಸ್ಟಾರ್ ಕಂಪನಿಯೂ ಆ ವೇಳೆಗೆ ಇದೇ ದಾರಿ ಹಿಡಿದಿತ್ತು.

1902ರಲ್ಲಿ ಅಮೆರಿಕದ ಬಂಡವಾಳಗಾರ ಜೆ. ಪಿ. ಮಾರ್ಗನ್ ವೈಟ್ ಸ್ಟಾರ್ ಸಹಿತ ಹಲವು ಹಡಗು ಕಂಪನಿಗಳನ್ನು ಕೊಂಡು ಒಂದೇ ಒಕ್ಕೂಟಕ್ಕೆ ಸೇರಿಸಿದಾಗ ಬ್ರಿಟನ್ನಿನಲ್ಲಿ ನಿಜವಾದ ಆತಂಕ ಹುಟ್ಟಿತು. ದೇಶದ ಇನ್ನೊಂದು ದೊಡ್ಡ ಕಂಪನಿಯಾದ ಕುನಾರ್ಡ್ ಕೂಡ ಕೈತಪ್ಪಬಾರದೆಂದು ಸರ್ಕಾರ ಅದಕ್ಕೆ 26 ಲಕ್ಷ ಪೌಂಡ್ ಸಾಲವನ್ನು ಶೇಕಡಾ 2.75ರ ಅಲ್ಪ ಬಡ್ಡಿಗೆ ನೀಡಿ, ಅದರ ಮೇಲೆ ಎರಡು ಹೊಸ ಹಡಗುಗಳಿಗಾಗಿ ವರ್ಷಕ್ಕೆ 1,50,000 ಪೌಂಡ್ ಸಹಾಯಧನವನ್ನೂ ಗೊತ್ತುಮಾಡಿತು. ಕಂಪನಿ ಬ್ರಿಟಿಷರ ಕೈಯಲ್ಲೇ ಉಳಿಯಬೇಕು, ಯುದ್ಧ ಬಂದರೆ ಹಡಗುಗಳು ನೌಕಾಪಡೆಗೆ ಸಲ್ಲಬೇಕು ಎಂಬುದು ಷರತ್ತು. ಹೀಗೆ ಕಟ್ಟಿದ ಲುಸಿಟಾನಿಯ ಮತ್ತು ಮಾರಿಟೇನಿಯ 1907ರಲ್ಲಿ ಸಂಚಾರ ಆರಂಭಿಸಿದವು.

ಈ ಎರಡು ಹಡಗುಗಳ ಯಂತ್ರದ ವಿಷಯ ಪ್ರತ್ಯೇಕವಾಗಿ ಹೇಳಬೇಕಾದದ್ದು. ಅದುವರೆಗಿನ ಹಬೆಯಂತ್ರಗಳಲ್ಲಿ ಮನೆಯೆತ್ತರದ ಕೊಂತಗಳು (ಪಿಸ್ಟನ್‌ಗಳು) ಮೇಲೆ ಕೆಳಗೆ ಬಡಿಯುತ್ತಿದ್ದವು. ವೇಗ ಹೆಚ್ಚಿದಂತೆ ಅದುರುವಿಕೆಯೂ ಹೆಚ್ಚುತ್ತಿತ್ತು. ಚಾರ್ಲ್ಸ್ ಪಾರ್ಸನ್ಸ್ ರೂಪಿಸಿದ ಟರ್ಬೈನ್‌ನಲ್ಲಾದರೋ ಹಬೆಯು ಸಾವಿರಾರು ಅಲಗುಗಳ ನಡುವೆ ನುಗ್ಗಿ ಪ್ರೊಪೆಲರ್‌ನ ದಂಡವನ್ನು ನೇರವಾಗಿ ತಿರುಗಿಸುತ್ತದೆ. 1897ರಲ್ಲಿ ರಾಣಿ ವಿಕ್ಟೋರಿಯಾಳ ವಜ್ರಮಹೋತ್ಸವದ ನೌಕಾ ಪ್ರದರ್ಶನದಲ್ಲಿ ಪಾರ್ಸನ್ಸ್ ತನ್ನ ಪುಟ್ಟ ‘ಟರ್ಬಿನಿಯ’ ದೋಣಿಯನ್ನು ಯುದ್ಧನೌಕೆಗಳ ಸಾಲುಗಳ ನಡುವೆ ಓಡಿಸಿದಾಗ ಅದನ್ನು ಹಿಡಿಯಬಲ್ಲ ಹಡಗು ಅಲ್ಲಿರಲಿಲ್ಲ. ಹಾಗೆಂದು ಕುನಾರ್ಡ್ ಕಣ್ಣುಮುಚ್ಚಿ ಅದನ್ನು ಒಪ್ಪಲಿಲ್ಲ. 1905ರಲ್ಲಿ ಒಂದೇ ಅಚ್ಚಿನ ಎರಡು ಹಡಗುಗಳಲ್ಲಿ ಕರೋನಿಯಕ್ಕೆ ಹಳೆಯ ಯಂತ್ರವನ್ನೂ ಕಾರ್ಮೇನಿಯಕ್ಕೆ ಟರ್ಬೈನನ್ನೂ ಕೂರಿಸಿ ಓಡಿಸಿ ನೋಡಿ, ಕಾರ್ಮೇನಿಯ ಮುಂದಾದ ಮೇಲೆಯೇ ದೊಡ್ಡ ಹಡಗುಗಳಿಗೆ ಟರ್ಬೈನ್ ಅಳವಡಿಸಿತು. ಇಷ್ಟು ವಿವೇಕದ ಪರೀಕ್ಷೆ ಆ ಪೈಪೋಟಿಯ ಕಾಲದಲ್ಲಿ ಅಪರೂಪವೆಂದೇ ನಮ್ಮ ಭಾವನೆ. ಫಲವೂ ಹಾಗೆಯೇ ಬಂತು: 1909ರಲ್ಲಿ 26 ನಾಟ್ ಮೀರಿದ ಸರಾಸರಿ ವೇಗದಲ್ಲಿ ಅಟ್ಲಾಂಟಿಕ್ ದಾಟಿದ ಮಾರಿಟೇನಿಯದ ದಾಖಲೆಯನ್ನು 1929ರಲ್ಲಿ ಜರ್ಮನಿಯ ಬ್ರೆಮೆನ್ ಮುರಿಯುವವರೆಗೆ ಇಪ್ಪತ್ತು ವರ್ಷ ಯಾರೂ ಮುಟ್ಟಲಾಗಲಿಲ್ಲ.

ಪ್ರಶ್ನೆ: ಟೈಟಾನಿಕ್ 46,000 ಟನ್ ಎಂದು ಓದಿದೆ. ಇದು ಹಡಗಿನ ತೂಕವೇ?

ಉತ್ತರ: ಅಲ್ಲ. ಪ್ರಯಾಣಿಕ ಹಡಗುಗಳಿಗೆ ಹೇಳುವ ‘ಒಟ್ಟು ಟನ್’ ಎಂಬುದು ಒಳಾವರಣದ ಅಳತೆ; ಅಂದಿನ ಲೆಕ್ಕದಲ್ಲಿ ಮುಚ್ಚಿದ 100 ಘನ ಅಡಿ ಜಾಗಕ್ಕೆ ಒಂದು ಟನ್. ಟೈಟಾನಿಕ್‌ನ 46,328 ಟನ್ ಈ ಬಗೆಯದು. ಅದು ಪಕ್ಕಕ್ಕೆ ತಳ್ಳುತ್ತಿದ್ದ ನೀರಿನ ತೂಕ, ಅಂದರೆ ಹಡಗಿನ ನಿಜವಾದ ಭಾರ, ಸುಮಾರು 52,000 ಟನ್.

ಪ್ರಶ್ನೆ: ನಾಲ್ಕು ಹೊಗೆಕೊಳವೆಗಳಲ್ಲಿ ಒಂದು ಬರಿಯ ತೋರಿಕೆಯದು ಎನ್ನುತ್ತಾರೆ. ನಿಜವೇ?

ಉತ್ತರ: ಒಲಿಂಪಿಕ್ ಮತ್ತು ಟೈಟಾನಿಕ್ ವಿಷಯದಲ್ಲಿ ಬಹುಮಟ್ಟಿಗೆ ನಿಜ. ಅವುಗಳ 29 ಬಾಯ್ಲರ್‌ಗಳ ಹೊಗೆಯನ್ನು ಮುಂದಿನ ಮೂರು ಕೊಳವೆಗಳೇ ಹೊರಹಾಕುತ್ತಿದ್ದವು. ನಾಲ್ಕನೆಯದು ಮುಖ್ಯವಾಗಿ ಗಾಳಿಯಾಡಲು ಬಳಕೆಯಾಗುತ್ತಿತ್ತು. ಲುಸಿಟಾನಿಯ ಮತ್ತು ಮಾರಿಟೇನಿಯಗಳಲ್ಲಿ ಮಾತ್ರ ನಾಲ್ಕೂ ಕೊಳವೆಗಳು ಕೆಲಸದವೇ. ಜರ್ಮನ್ ಹಡಗುಗಳ ಕೀರ್ತಿಯ ನಂತರ ನಾಲ್ಕು ಕೊಳವೆ ಎಂದರೆ ಬಲ, ವೇಗ, ಭದ್ರತೆ ಎಂಬ ನಂಬಿಕೆ ಜನರಲ್ಲಿ ಬೇರೂರಿತ್ತು, ಟಿಕೆಟ್ ಕೊಳ್ಳುವವರು ಚಿತ್ರಪಟದಲ್ಲಿ ಕೊಳವೆ ಎಣಿಸುತ್ತಿದ್ದ ಕಾಲವದು.

ಪ್ರಶ್ನೆ: ಹಡಗಿನೊಳಗೆ ಅರಮನೆಯಂಥ ಮೆಟ್ಟಿಲು, ಈಜುಕೊಳ, ಅಮೃತಶಿಲೆ ಇವೆಲ್ಲ ಏಕೆ ಬೇಕಾದವು?

ಉತ್ತರ: ಅಲೆಗಳಲ್ಲಿ ಹಡಗಿನ ಹೊರಳಾಟವನ್ನು ತಡೆಯುವ ಸಾಧನಗಳು ಇನ್ನೂ ದುರ್ಬಲವಾಗಿದ್ದ ಆ ದಿನಗಳಲ್ಲಿ ಚಳಿಗಾಲದ ಅಟ್ಲಾಂಟಿಕ್ ಪ್ರಯಾಣ ಸಿರಿವಂತರಿಗೂ ಹಿಂಸೆಯೇ ಆಗಿತ್ತು. ತಾವು ಸಮುದ್ರದ ಮೇಲಿದ್ದೇವೆ ಎಂಬುದನ್ನು ಪ್ರಯಾಣಿಕರು ಮರೆಯುವಂತೆ ಮಾಡುವುದೇ ಅಲಂಕಾರದ ಗುರಿಯಾಯಿತು. ಬಾಲಿನ್ ಇದಕ್ಕಾಗಿ ಆರಿಸಿಕೊಂಡದ್ದು ಪ್ಯಾರಿಸ್ಸಿನ ರಿಟ್ಜ್ ಹೋಟೆಲನ್ನು ರೂಪಿಸಿದ್ದ ಫ್ರೆಂಚ್ ವಾಸ್ತುಶಿಲ್ಪಿ ಶಾರ್ಲ್ ಮೆವೇಸ್‌ನನ್ನು. 1905ರ ‘ಅಮೆರಿಕ’ ಹಡಗಿನಲ್ಲಿ ಊಟದ ಸಾಮಾನ್ಯ ಸಭಾಂಗಣವಲ್ಲದೆ, ಬೇಕಾದ ಹೊತ್ತಿಗೆ ಬೇಕಾದದ್ದನ್ನು ಬೇರೆ ಹಣ ಕೊಟ್ಟು ತರಿಸಿಕೊಳ್ಳುವ ರಿಟ್ಜ್ ಹೆಸರಿನ ರೆಸ್ಟೋರೆಂಟೂ, ಮೇಲೆ ಕೆಳಗೆ ಓಡಾಡಲು ವಿದ್ಯುತ್ ಲಿಫ್ಟೂ ಇದ್ದವು. 1907ರ ಏಡ್ರಿಯಾಟಿಕ್ ಹಡಗಿನಲ್ಲಿ ಈಜುಕೊಳ ಮತ್ತು ಟರ್ಕಿಶ್ ಸ್ನಾನಗೃಹಗಳು ಬಂದವು. ಅಲ್ಲಿಂದ ಮುಂದೆ ಅವಿಲ್ಲದ ದೊಡ್ಡ ಹಡಗು ಕೀಳೆನಿಸತೊಡಗಿತು.

ಇವುಗಳಲ್ಲಿ ನಮಗೆ ಹೆಚ್ಚು ಬೆರಗು ಹುಟ್ಟಿಸುವುದು ಚಿನ್ನದ ಬಣ್ಣ ಬಳಿದ ಕಂಬಗಳಲ್ಲ, ಜಾಗವನ್ನು ಗೆದ್ದುಕೊಂಡ ಜಾಣ್ಮೆ. ಹೊಗೆಯ ಮಾರ್ಗಗಳು ಹಡಗಿನ ನಟ್ಟನಡುವೆ ತಳದಿಂದ ಮೇಲಿನವರೆಗೆ ಹಾದುಹೋಗುವುದರಿಂದ ಯಾವ ಸಭಾಂಗಣವನ್ನೂ ನೀಳವಾಗಿ ಮಾಡುವಂತಿರಲಿಲ್ಲ. 1914ರ ‘ಫಾಟರ್‌ಲಾಂಡ್’ ಹಡಗಿನಲ್ಲಿ ಈ ಮಾರ್ಗಗಳನ್ನು ಎರಡಾಗಿ ಸೀಳಿ ಹಡಗಿನ ಎರಡೂ ಪಕ್ಕಗಳಿಗೆ ಸರಿಸಿ, ಮೇಲೆ ಮತ್ತೆ ಒಂದುಗೂಡಿಸಿದರು. ಇದರಿಂದ ನಡುವಿನ ಕೋಣೆಗಳೆಲ್ಲ ಒಂದರ ಮುಂದೊಂದು ತೆರೆದುಕೊಂಡು, ಒಂದು ತುದಿಯಲ್ಲಿ ನಿಂತವರಿಗೆ ಬಹುದೂರದವರೆಗೆ ನೋಟ ಹರಿಯುವಂತಾಯಿತು.

ಸೌಕರ್ಯದ ಮೋಹ ಹಡಗಿನ ಸಮತೋಲಕ್ಕೆ ಮುಳುವಾದದ್ದೂ ಉಂಟು. 1913ರ ‘ಇಂಪೆರಾಟೋರ್’ ಆಗ ಲೋಕದ ಅತ್ಯಂತ ದೊಡ್ಡ ಹಡಗು, 52,117 ಟನ್. ಮೇಲಿನ ಅಂತಸ್ತುಗಳಲ್ಲಿ ಅಮೃತಶಿಲೆಯನ್ನೂ ಭಾರವಾದ ಪೀಠೋಪಕರಣಗಳನ್ನೂ ಹೇರಿದ್ದರಿಂದ ಅದು ಸಣ್ಣ ಅಲೆಗೂ ಒಂದು ಪಕ್ಕಕ್ಕೆ ವಾಲಿ ನಿಧಾನವಾಗಿ ಏಳುತ್ತಿತ್ತು. ಕೊನೆಗೆ ಹೊಗೆಕೊಳವೆಗಳನ್ನು ಗಿಡ್ಡಮಾಡಿ, ಮೇಲಿನ ಅಮೃತಶಿಲೆಯನ್ನು ಕಿತ್ತು, ತಳದಲ್ಲಿ ಸುಮಾರು 2,000 ಟನ್ ಸಿಮೆಂಟ್ ಸುರಿಯಬೇಕಾಯಿತು.

ಪ್ರಶ್ನೆ: ಇಷ್ಟೆಲ್ಲ ವೈಭವದ ಖರ್ಚು ಸಿರಿವಂತರ ಟಿಕೆಟ್ ಹಣದಿಂದಲೇ ಹುಟ್ಟುತ್ತಿತ್ತೇ?

ಉತ್ತರ: ಬಂದ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಇದೆಂದು ನಮಗೆ ತೋರಿತು. ಟೈಟಾನಿಕ್‌ನ ಅತ್ಯುತ್ತಮ ಕೋಣೆಗಳಿಗೆ 500 ಪೌಂಡ್ ಮೀರಿದ ಟಿಕೆಟ್ ಇದ್ದರೆ, ಮೂರನೇ ದರ್ಜೆಯವರು ಕೊಡುತ್ತಿದ್ದುದು ಏಳೆಂಟು ಪೌಂಡ್ ಅಷ್ಟೇ. ಆದರೆ ಐನೂರು ಪೌಂಡ್ ಕೊಡುವವರು ಬೆರಳೆಣಿಕೆಯವರು, ಅವರು ಬಯಸುವ ಜಾಗ, ಸೇವಕರು, ಊಟ ಇವುಗಳ ವೆಚ್ಚ ಅಪಾರ. ಏಳು ಪೌಂಡಿನವರಾದರೋ ವಾರವಾರವೂ ಸಾವಿರಗಟ್ಟಲೆ ಬರುತ್ತಿದ್ದರು. ಮಾರಿಟೇನಿಯದಲ್ಲಿ ಮೊದಲನೇ ದರ್ಜೆಗೆ 563, ಎರಡನೆಯದಕ್ಕೆ 464, ಮೂರನೆಯದಕ್ಕೆ 1,138 ಸ್ಥಳಗಳಿದ್ದವು ಎಂಬುದನ್ನು ನೋಡಿದರೆ ಹಡಗು ಯಾರಿಗಾಗಿ ಓಡುತ್ತಿತ್ತೆಂಬುದು ಸ್ಪಷ್ಟ. 1907ರ ಒಂದೇ ವರ್ಷದಲ್ಲಿ ಅಮೆರಿಕಕ್ಕೆ 12 ಲಕ್ಷ 85 ಸಾವಿರ ವಲಸಿಗರು ಬಂದಿಳಿದರು. ಇಟಲಿಯ ರೈತರು, ರಷ್ಯಾದ ಹಿಂಸೆಗೆ ಬೆದರಿದ ಯಹೂದಿಗಳು, ಪೋಲೆಂಡಿನ, ಐರ್ಲೆಂಡಿನ, ಸ್ಕಾಂಡಿನೇವಿಯದ ಬಡವರು ಇವರು. ಮನೆ ಹೊಲ ಮಾರಿಯೋ, ಮೊದಲೇ ಹೋದ ಅಣ್ಣ ಕಳಿಸಿದ ಹಣದಿಂದಲೋ ಟಿಕೆಟ್ ಕೊಂಡವರು. ಹಾಪಾಗ್‌ನ ಬಾಲಿನ್ ಸ್ವತಃ ಹ್ಯಾಂಬರ್ಗಿನಲ್ಲಿ ವಲಸಿಗರಿಗೆ ಟಿಕೆಟ್ ಮಾರುವ ಸಣ್ಣ ಏಜೆನ್ಸಿಯಿಂದ ಮೇಲೆ ಬಂದವನು. ಈ ವ್ಯಾಪಾರದ ತಿರುಳು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು.

ಇವರನ್ನು ಕಂಪನಿಗಳು ನಡೆಸಿಕೊಂಡ ರೀತಿ ಕಾಲಕ್ರಮೇಣ ಸುಧಾರಿಸಿದ್ದಕ್ಕೆ ದಯೆಗಿಂತ ಕಾನೂನು ಹೆಚ್ಚು ಕಾರಣ. ರೋಗವಿದೆಯೆಂದೋ ನಿರ್ಗತಿಕರೆಂದೋ ಅಮೆರಿಕ ಒಳಗೆ ಬಿಡದ ವಲಸಿಗನನ್ನು ಕರೆತಂದ ಕಂಪನಿಯೇ ತನ್ನ ಖರ್ಚಿನಲ್ಲಿ ಹಿಂದಕ್ಕೆ ಒಯ್ಯಬೇಕೆಂದು 1891ರ ಅಮೆರಿಕದ ಕಾಯಿದೆ ವಿಧಿಸಿತು. ಮರುವರ್ಷ ಹ್ಯಾಂಬರ್ಗಿನಲ್ಲಿ ಕಾಲರಾದಿಂದ 8,000ಕ್ಕೂ ಹೆಚ್ಚು ಜನ ಸತ್ತಾಗ, ಬಂದರಿನಲ್ಲಿ ಕಾಯುತ್ತಿದ್ದ ವಲಸಿಗರ ಮೇಲೆ ಊರವರ ಗುಮಾನಿ ತಿರುಗಿತು. ಹಾಪಾಗ್ 1901ರಲ್ಲಿ ಊರಾಚೆಯ ಫೆಡ್ಡೆಲ್ ದ್ವೀಪದಲ್ಲಿ ವಲಸಿಗರಿಗೆಂದೇ ಮಲಗುವ ಕೋಣೆ, ಸ್ನಾನ, ಊಟ, ವೈದ್ಯಕೀಯ ತಪಾಸಣೆಗಳ ದೊಡ್ಡ ವಸತಿಯನ್ನು ತೆರೆದದ್ದು ಈ ಹಿನ್ನೆಲೆಯಲ್ಲಿ. ಹಡಗಿನಲ್ಲೂ ಬದಲಾವಣೆ ಬಂತು. ಹಿಂದೆ ನೂರಾರು ಮಂದಿ ಒಂದೇ ದೊಡ್ಡ ಕೋಣೆಯಲ್ಲಿ ಮಲಗಿ ತಮ್ಮ ಬುತ್ತಿಯನ್ನೇ ತಿನ್ನುತ್ತಿದ್ದ ಸ್ಥಿತಿ ಹೋಗಿ, ವೈಟ್ ಸ್ಟಾರ್ ಹಡಗುಗಳಲ್ಲಿ ಮೂರನೇ ದರ್ಜೆಯವರಿಗೂ ಬಾಗಿಲಿರುವ ಕೋಣೆ, ಮೇಜಿನ ಮೇಲೆ ಬಿಸಿಯೂಟ ದೊರೆತವು. ತಮ್ಮ ಊರಿನಲ್ಲಿ ಎಂದೂ ಕಂಡಿರದ ವಿದ್ಯುತ್ ದೀಪವನ್ನು ಅವರಲ್ಲಿ ಎಷ್ಟೋ ಮಂದಿ ಮೊದಲು ಕಂಡದ್ದು ಹಡಗಿನಲ್ಲೇ ಇರಬೇಕು. ಆದರೂ ಟೈಟಾನಿಕ್‌ನ ಮೂರನೇ ದರ್ಜೆಯ 700 ಮಂದಿಗೆ ಇದ್ದ ಸ್ನಾನದ ತೊಟ್ಟಿಗಳು ಎರಡು.

ನ್ಯೂಯಾರ್ಕ್ ತಲುಪಿದಾಗ ಮೇಲಿನ ದರ್ಜೆಯವರನ್ನು ಹಡಗಿನಲ್ಲೇ ತಪಾಸಣೆ ಮಾಡಿ ನೇರವಾಗಿ ದಡಕ್ಕಿಳಿಸುತ್ತಿದ್ದರು. ಮೂರನೇ ದರ್ಜೆಯವರು ಸಣ್ಣ ದೋಣಿಗಳಲ್ಲಿ ಎಲ್ಲಿಸ್ ದ್ವೀಪಕ್ಕೆ ಹೋಗಿ ಸಾಲು ನಿಂತು ವೈದ್ಯರ ಕಣ್ಣಿನ ಪರೀಕ್ಷೆಗೂ ಅಧಿಕಾರಿಗಳ ಪ್ರಶ್ನೆಗಳಿಗೂ ಒಳಗಾಗಬೇಕಿತ್ತು.

ಪ್ರಶ್ನೆ: ಹಡಗಿನ ತಳದಲ್ಲಿ ಕಲ್ಲಿದ್ದಲು ಹಾಕುತ್ತಿದ್ದವರ ಕೆಲಸ ಹೇಗಿತ್ತು?

ಉತ್ತರ: ಮಾರಿಟೇನಿಯದ 25 ಬಾಯ್ಲರ್‌ಗಳಲ್ಲಿ 192 ಕುಲುಮೆಗಳಿದ್ದವು, ದಿನಕ್ಕೆ ಸುಮಾರು 1,000 ಟನ್ ಕಲ್ಲಿದ್ದಲು ಬೇಕಿತ್ತು. ಅಷ್ಟನ್ನೂ ಸಲಿಕೆಯಿಂದ, ಮನುಷ್ಯರ ಕೈಯಿಂದಲೇ ಹಾಕಬೇಕು. ಇಂಥ ಹಡಗಿನಲ್ಲಿ ಬೆಂಕಿಯ ಕೆಲಸದವರಲ್ಲಿ ಎರಡು ಬಗೆ. ಉಗ್ರಾಣದೊಳಗಿನ ಕತ್ತಲು ಮತ್ತು ದೂಳಿನಲ್ಲಿ ಕಲ್ಲಿದ್ದಲನ್ನು ತೋಡಿ ಒಂಟಿಗಾಲಿಯ ಕೈಗಾಡಿಯಲ್ಲಿ ಕುಲುಮೆಯ ಬಳಿಗೆ ತಳ್ಳಿ ತರುವವರು ‘ಟ್ರಿಮ್ಮರ್’ಗಳು, ಯಾವ ಉಗ್ರಾಣದಿಂದ ಎಷ್ಟು ತೆಗೆಯಬೇಕು ಎಂಬುದರ ಮೇಲೆ ಹಡಗು ಒಂದು ಪಕ್ಕಕ್ಕೆ ವಾಲದಿರುವುದು ನಿಂತಿತ್ತಾದ್ದರಿಂದ, ಸಮತೋಲ ಕಾಯುವವರು ಎಂಬರ್ಥದ ಆ ಹೆಸರು. ಅದನ್ನು ಬೆಂಕಿಗೆ ಎಸೆದು, ಉದ್ದನೆಯ ಕಬ್ಬಿಣದ ಸಲಾಕೆಯಿಂದ ಕೆದಕಿ, ಉರಿಯದ ಗಟ್ಟಿಯನ್ನೂ ಬೂದಿಯನ್ನೂ ಎಳೆದು ಹೊರಹಾಕುವವರು ‘ಫೈರ್‌ಮನ್’ಗಳು. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕೆಲಸ. ಹೀಗೆ ಹಗಲು ರಾತ್ರಿ. ಒಲಿಂಪಿಕ್ ಮತ್ತು ಟೈಟಾನಿಕ್‌ಗಳಲ್ಲಿ ಯಾವ ಕುಲುಮೆಗೆ ಯಾವಾಗ ಕಲ್ಲಿದ್ದಲು ಹಾಕಬೇಕೆಂದು ಗಂಟೆ ಬಾರಿಸಿ ಅಂಕಿ ತೋರಿಸುವ ಯಂತ್ರವನ್ನೇ ಕೂರಿಸಿದ್ದರು. ಎಲ್ಲ ಬಾಗಿಲುಗಳು ಒಟ್ಟಿಗೆ ತೆರೆದರೆ ಬೆಂಕಿ ತಣಿದು ಹಬೆಯ ಒತ್ತಡ ಇಳಿಯುತ್ತದೆ ಎಂಬುದು ಅದರ ಕಾರಣ. ಆದರೆ ಕೆಲಸದವನ ಉಸಿರಿನ ಲಯವನ್ನು ಕೂಡ ಆ ಗಂಟೆಯೇ ನಿರ್ಧರಿಸುತ್ತಿತ್ತು.

ಟೈಟಾನಿಕ್‌ನಲ್ಲಿ ಇಂಥ ಫೈರ್‌ಮನ್‌ಗಳು ಸುಮಾರು 175, ಟ್ರಿಮ್ಮರ್‌ಗಳು 70ಕ್ಕೂ ಹೆಚ್ಚು. ಪ್ರಯಾಣಿಕರ ಕಣ್ಣಿಗೆ ಬೀಳದಂತೆ ಅವರು ತಮ್ಮ ಮಲಗುವ ಜಾಗದಿಂದ ಕುಲುಮೆಗೆ ಹೋಗಲು ಬೇರೆಯೇ ಮೆಟ್ಟಿಲು ಮತ್ತು ಸುರಂಗದಂಥ ದಾರಿ ಇದ್ದವು. ಹಡಗುಗಳ ವೇಗದ ದಾಖಲೆಗಳನ್ನು ಬರೆಯುವಾಗ ಕ್ಯಾಪ್ಟನ್ ಮತ್ತು ಇಂಜಿನಿಯರುಗಳ ಹೆಸರುಗಳು ಬರುತ್ತವೆ. ಮಾರಿಟೇನಿಯದ ಇಪ್ಪತ್ತು ವರ್ಷದ ದಾಖಲೆಯಲ್ಲಿ ಈ ಸಲಿಕೆಗಳ ಪಾಲು ಎಷ್ಟೆಂಬುದನ್ನೂ ಅದರೊಂದಿಗೆ ಹೇಳಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಮೊದಲ ಮಹಾಯುದ್ಧದ ನಂತರ, 1920ರಲ್ಲಿ ಒಲಿಂಪಿಕ್, ಬಳಿಕ ಮಾರಿಟೇನಿಯ ತೈಲ ಉರಿಸುವಂತೆ ಮಾರ್ಪಟ್ಟವು. ದಿನಗಟ್ಟಲೆ ಹಿಡಿಯುತ್ತಿದ್ದ ಇಂಧನ ತುಂಬುವ ಕೆಲಸ ಕೆಲವೇ ಗಂಟೆಗಳಿಗೆ ಇಳಿಯಿತು, ಸಲಿಕೆಯ ಹಿಂಸೆ ತಪ್ಪಿತು, ಅದರೊಂದಿಗೆ ನೂರಾರು ಜನರ ಜೀವನೋಪಾಯವೂ ಹೋಯಿತು.

ಪ್ರಶ್ನೆ: ಅಷ್ಟು ದೊಡ್ಡ ಟೈಟಾನಿಕ್‌ನಲ್ಲಿ ಸಾಕಷ್ಟು ಜೀವರಕ್ಷಕ ದೋಣಿಗಳನ್ನು ಇಡದೆ ಕಾನೂನು ಮುರಿದರೇ?

ಉತ್ತರ: ಕಾನೂನು ಮುರಿಯಲಿಲ್ಲ, ಕಾನೂನೇ ಹಳತಾಗಿತ್ತು. ಹಡಗುಗಳ ನಿಯಮ ರೂಪಿಸುತ್ತಿದ್ದ ಸರ್ಕಾರಿ ಇಲಾಖೆಯಾದ ಬ್ರಿಟಿಷ್ ವ್ಯಾಪಾರ ಮಂಡಳಿಯ 1894ರ ನಿಯಮದಂತೆ ದೋಣಿಗಳ ಸಂಖ್ಯೆ ಹಡಗಿನ ಟನ್ನುಗಳಿಗೆ ತಕ್ಕಂತೆ ಏರುತ್ತಿತ್ತು, ಆದರೆ 10,000 ಟನ್ ಮೀರಿದ ಎಲ್ಲ ಹಡಗುಗಳಿಗೂ 16 ದೋಣಿ ಎಂದು ಅಲ್ಲಿಗೇ ನಿಲ್ಲುತ್ತಿತ್ತು. ಟೈಟಾನಿಕ್ ಮಡಚುವ ನಾಲ್ಕನ್ನು ಸೇರಿಸಿ 20 ದೋಣಿಗಳನ್ನು ಒಯ್ದಿತ್ತು. ಅವುಗಳಲ್ಲಿ 1,178 ಮಂದಿಗೆ ಸ್ಥಳ. ಹಡಗಿನಲ್ಲಿದ್ದವರು 2,200ಕ್ಕೂ ಹೆಚ್ಚು. ದೋಣಿಗಳು ಒಂದು ಹಡಗಿನಿಂದ ನೆರವಿಗೆ ಬಂದ ಇನ್ನೊಂದು ಹಡಗಿಗೆ ಜನರನ್ನು ಸಾಗಿಸಲು ಇರುವಂಥವು ಎಂಬ ಭಾವನೆ ಆಗ ಬಲವಾಗಿತ್ತು. 1909ರಲ್ಲಿ ರಿಪಬ್ಲಿಕ್ ಹಡಗು ಫ್ಲೋರಿಡಾ ಎಂಬ ಹಡಗಿಗೆ ಡಿಕ್ಕಿಯಾದಾಗ ತಂತಿರಹಿತ ಕರೆಗೆ ಬಾಲ್ಟಿಕ್ ಎಂಬ ಹಡಗು ಓಡಿಬಂದು, ಎರಡೂ ಹಡಗುಗಳ 1,500ಕ್ಕೂ ಹೆಚ್ಚು ಜನ ಹೀಗೆಯೇ ದೋಣಿಗಳ ಮೂಲಕ ಪಾರಾಗಿದ್ದರು. ಆ ಯಶಸ್ಸು ತಪ್ಪು ಭರವಸೆಯನ್ನು ಗಟ್ಟಿಮಾಡಿತು. 1912ರ ಏಪ್ರಿಲ್ 15ರ ನಸುಕಿನಲ್ಲಿ ನೆರವಿನ ಹಡಗು ಕಾರ್ಪೇಥಿಯ ತಲುಪುವ ಹೊತ್ತಿಗೆ ಟೈಟಾನಿಕ್ ಮುಳುಗಿಹೋಗಿತ್ತು. ಸುಮಾರು 1,500 ಮಂದಿ ಸತ್ತರು. ಮೊದಲನೇ ದರ್ಜೆಯವರಲ್ಲಿ ಅರ್ಧಕ್ಕೂ ಹೆಚ್ಚು ಜನ ಉಳಿದರೆ ಮೂರನೇ ದರ್ಜೆಯಲ್ಲಿ ನಾಲ್ವರಲ್ಲೊಬ್ಬರು ಉಳಿದರು. ಇಂಜಿನಿಯರುಗಳಲ್ಲಿ ಒಬ್ಬರೂ ಉಳಿಯಲಿಲ್ಲ. 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದ ಎಲ್ಲರಿಗೂ ದೋಣಿ, ಹಗಲಿರುಳು ರೇಡಿಯೋ ಕಾವಲು, ಮಂಜುಗಡ್ಡೆಗಳ ಮೇಲೆ ಗಸ್ತು ಎಂಬ ತತ್ವಗಳನ್ನು ಸ್ಥಾಪಿಸಿತು.

ಪ್ರಶ್ನೆ: ಈ ಹಡಗುಗಳೆಲ್ಲ ಕೊನೆಗೆ ಏನಾದವು?

ಉತ್ತರ: ಲುಸಿಟಾನಿಯವನ್ನು 1915ರ ಮೇ 7ರಂದು ಐರ್ಲೆಂಡ್ ತೀರದ ಬಳಿ ಜರ್ಮನ್ ಜಲಾಂತರ್ಗಾಮಿ ಹೊಡೆದು 18 ನಿಮಿಷಗಳಲ್ಲಿ ಮುಳುಗಿಸಿತು, ಸತ್ತವರು ಸುಮಾರು 1,200 ಮಂದಿ. ಬ್ರಿಟಾನಿಕ್ ಪ್ರಯಾಣಿಕರನ್ನು ಒಮ್ಮೆಯೂ ಒಯ್ಯದೆ ಆಸ್ಪತ್ರೆ ಹಡಗಾಗಿ 1916ರಲ್ಲಿ ಗ್ರೀಸಿನ ಬಳಿ ಸ್ಫೋಟಕಕ್ಕೆ ಬಲಿಯಾಯಿತು. ಸರ್ಕಾರ ಸಹಾಯಧನ ಕೊಟ್ಟು ಯುದ್ಧನೌಕೆಯಾಗಬಲ್ಲದೆಂದು ಕಟ್ಟಿಸಿದ್ದ ಮಾರಿಟೇನಿಯವನ್ನು, ಅದು ಉರಿಸುವ ಕಲ್ಲಿದ್ದಲಿನ ಪ್ರಮಾಣ ನೋಡಿ, ಆ ಕೆಲಸಕ್ಕೆ ಬಳಸಲಿಲ್ಲ. ಅದು ಸೈನಿಕರನ್ನೂ ಗಾಯಾಳುಗಳನ್ನೂ ಸಾಗಿಸಿತು. ಫಾಟರ್‌ಲಾಂಡ್ 1917ರಲ್ಲಿ ಅಮೆರಿಕದ ವಶವಾಗಿ ‘ಲೆವಿಯಾಥನ್’ ಎಂದು ಹೆಸರು ಬದಲಿಸಿಕೊಂಡಿತು. ಇಂಪೆರಾಟೋರ್ ಯುದ್ಧದ ನಂತರ ಕುನಾರ್ಡ್‌ಗೆ ಸೇರಿ ‘ಬೆರೆಂಗೇರಿಯ’ ಆಯಿತು.

ಈ ವ್ಯಾಪಾರದ ಮೂಲಾಧಾರವಾಗಿದ್ದ ವಲಸೆಗೆ ಪೆಟ್ಟು ಬಿದ್ದದ್ದು ಆಮೇಲೆ. 1921 ಮತ್ತು 1924ರ ಕಾಯಿದೆಗಳಿಂದ ಅಮೆರಿಕ ವಲಸೆಗೆ ಕಟ್ಟುನಿಟ್ಟಿನ ಮಿತಿ ಹಾಕಿದಾಗ ಮೂರನೇ ದರ್ಜೆಯ ಅಂತಸ್ತುಗಳು ಬರಿದಾದವು. ಕಂಪನಿಗಳು ಆ ಕೋಣೆಗಳಿಗೆ ಸುಣ್ಣ ಬಣ್ಣ ಬಳಿದು, ‘ಪ್ರವಾಸಿ ದರ್ಜೆ’ ಎಂದು ಹೆಸರಿಟ್ಟು, ಬೇಸಿಗೆ ರಜೆಯಲ್ಲಿ ಯುರೋಪ್ ನೋಡಬಯಸುವ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಟಿಕೆಟ್ ಮಾರಿದವು. 1929ರ ಆರ್ಥಿಕ ಕುಸಿತದ ನಂತರ ಅವರೂ ಕಡಿಮೆಯಾದರು. ಒಲಿಂಪಿಕ್ ಮತ್ತು ಮಾರಿಟೇನಿಯ ಎರಡನ್ನೂ 1935ರಲ್ಲಿ ಗುಜರಿಗೆ ಕೊಟ್ಟು, ಅವುಗಳ ಕೆತ್ತನೆಯ ಮರದ ಹಲಗೆಗಳನ್ನು ಹರಾಜು ಹಾಕಿದರು.

ನಾಲ್ಕು ಹೊಗೆಕೊಳವೆಗಳ ಲೈನರ್‌ಗಳಲ್ಲಿ ಕೊನೆಯವರೆಗೆ ಉಳಿದದ್ದು ಕುನಾರ್ಡ್‌ನ ಆಕ್ವಿಟೇನಿಯ. 1914ರ ಮೇ ತಿಂಗಳಲ್ಲಿ ಮೊದಲ ಪ್ರಯಾಣ ಮಾಡಿದ ಅದು ಎರಡೂ ಮಹಾಯುದ್ಧಗಳಲ್ಲಿ ಸೇವೆ ಸಲ್ಲಿಸಿ ಉಳಿಯಿತು. ಎರಡನೆಯ ಯುದ್ಧ ಮುಗಿದ ಮೇಲೆ, ಅಲಂಕಾರಗಳೆಲ್ಲ ಸವೆದುಹೋಗಿದ್ದ ಆ ಮುದಿ ಹಡಗು ಸೌತಾಂಪ್ಟನ್‌ನಿಂದ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿಗೆ ಓಡಾಡುತ್ತ, ಕೆನಡಾದ ಸೈನಿಕರನ್ನು ಮದುವೆಯಾಗಿ ಗಂಡನ ಊರಿಗೆ ಹೊರಟ ಹೆಂಗಸರನ್ನೂ ಅವರ ಮಕ್ಕಳನ್ನೂ ಹೊಸ ಬದುಕು ಅರಸಿ ಹೊರಟ ವಲಸಿಗರನ್ನೂ ಹೊತ್ತು ದಾಟಿಸಿತು. 1950ರಲ್ಲಿ ಅದನ್ನು ಸ್ಕಾಟ್ಲೆಂಡಿನ ಫಾಸ್ಲೇನ್‌ನಲ್ಲಿ ಒಡೆದರು.